ಅಲ್ಪವಿರಾಮವನ್ನು ಧಿಕ್ಕರಿಸಿದ ಕವಿ

ಕವಿತೆಗೆ ಅಲ್ಪವಿರಾಮ, ಪೂರ್ಣವಿರಾಮ ಹಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಓದುಗ ಎಲ್ಲಿ ನಿಲ್ಲಬೇಕೆಂದು ಹೇಳಲು ಕವಿಯೇನು ಟ್ರಾಫಿಕ್ ಪೊಲೀಸನೇ? ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಸಂಪಾದಕ ಕಾಮತರಂತೂ ಸಾಲಿಗೆರಡು ಆಶ್ಚರ್ಯಸೂಚಕ ಜಡಿಯುತ್ತಾರೆ. ಅವರ ಕವಿತೆಯಲ್ಲಿ ಆಶ್ಚರ್ಯಪಡುವಂಥದ್ದು ಅದು ಅಚ್ಚಾದದ್ದೊಂದೇ! ಈ ಮಹಾಶಯರು ನಾಲ್ಕು ವರ್ಷದಿಂದ ನನ್ನ ಕವಿತೆಗಳನ್ನು ವಾಪಸು ಕಳಿಸುತ್ತಿದ್ದರು. ಈ ಸಲ ಮಾತ್ರ, "ವಾರ್ಷಿಕೋತ್ಸವದಲ್ಲಿ ಓದಿ ಶೆಟ್ರೆ. ಜನ ಮೆಚ್ಚಿದರೆ ಸಂಚಿಕೆಗೆ ಹಾಕುವ" ಎಂದರು.

ಮುಂಬಯಿಯ ಕುರ್ಲಾದ ಹೋಟೆಲೊಂದರಲ್ಲಿ ನಾನು ಮ್ಯಾನೇಜರ್. ಗಲ್ಲಾದಲ್ಲಿ ಕುಳಿತೇ ನಲವತ್ತು ಸಾಲು ಬರೆದೆ. ಹೆಸರಿಗೂ ಒಂದು ಚಿಹ್ನೆಯಿಲ್ಲ. ಹೆಂಡತಿ ಸುಮತಿಗೆ ಓದಿ ಹೇಳಿದೆ.

"ಎಂತ ಮಾರಾಯ್ರೆ ಇದು? ಕವಿತೆಯಾ, ನಿಮ್ಮ ಹೋಟೆಲಿನ ತಿಂಡಿ ಪಟ್ಟಿಯಾ? ಒಂದೇ ಉಸಿರಿಗೆ ಹೇಳ್ತೀರಲ್ಲ!"

ಕಾವ್ಯ ಎಲ್ಲರಿಗೂ ದಕ್ಕುವುದಿಲ್ಲವೆಂದು ಹಾಳೆ ಮಡಚಿ ಜೇಬಿಗಿಟ್ಟೆ.

ಕಾರ್ಯಕ್ರಮದ ಹಿಂದಿನ ದಿನ ಗಂಟಲು ಕಟ್ಟಿತು. ಸ್ವರವೇ ಇಲ್ಲ! ಓದುವ ಭಾರ ಮಗಳು ಶ್ರೇಯಾಳ ಮೇಲೆ ಬಿತ್ತು. ಪಾರ್ಲೆಯ ಕಾಲೇಜಿನಲ್ಲಿ ಓದುವವಳು. ಮಾತಾಡಿದರೆ ಕನ್ನಡ ತಿಳಿಯುತ್ತದೆ, ಅಕ್ಷರ ಬಾರದು. ಕವಿತೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಮೊಬೈಲಿಗೆ ಕಳಿಸಿದೆ. ಹನ್ನೆರಡನೆಯ ಸಾಲಿಗೇ ಅವಳಿಗೆ ಏದುಸಿರು.

"ಪಪ್ಪಾ, ಇದರಲ್ಲಿ ಸ್ಟಾಪ್ ಕಿಧರ್ ಹೈ? ಫಾಸ್ಟ್ ಲೋಕಲ್ ಟ್ರೇನ್ ಹಾಗೆ ಹೋಗ್ತಾನೇ ಉಂಟು!"

ಚಿಹ್ನೆ ಹಾಕಲು ಸ್ವಾಭಿಮಾನ ಬಿಡಲಿಲ್ಲ. ಬದಲಿಗೆ ನಡುನಡುವೆ 'ಸ್ವಲ್ಪ ನಿಲ್ಲು', 'ಉಸಿರು ತಗೋ' ಎಂದು ಸೂಚನೆ ಸೇರಿಸಿದೆ. ಅವು ಕವಿತೆಯೊಳಗೆ ಬೆರೆಯಬಾರದಲ್ಲ! ಅವನ್ನಷ್ಟೇ ಕ್ಯಾಪಿಟಲ್ ಅಕ್ಷರಗಳಲ್ಲಿ ಟೈಪಿಸಿದೆ. ಕನ್ನಡದಲ್ಲಿಲ್ಲದ ಆ ಸೌಕರ್ಯವನ್ನು ಬಳಸಿಕೊಂಡ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಮರುದಿನ ಅವಳು ಹೊರಡುವ ಹೊತ್ತಿಗೆ ಹೊಸ ಪ್ರತಿ ಕಳಿಸಿದೆ. ಸ್ವರವಿಲ್ಲದ್ದರಿಂದ ವಿವರಿಸುವ ಗೋಜಿಗೆ ಹೋಗಲಿಲ್ಲ.

ವೇದಿಕೆಯ ಮೇಲೆ ಐದು ಸಾಲು ಮೆಲ್ಲಗೆ ಓದಿದಳು. ಆಮೇಲೆ ಸಭಾಂಗಣವೇ ನಡುಗುವಂತೆ ಗರ್ಜಿಸಿದಳು: "ಉಸಿರು ತಗೋ!"

ಮುಂದೆ ಕುಳಿತಿದ್ದ ಹಿರಿಯರೆಲ್ಲ ಬೆಚ್ಚಿಬಿದ್ದು ಎದೆ ತುಂಬ ಉಸಿರೆಳೆದುಕೊಂಡರು. ಬಿಡಲು ಯಾರೂ ಹೇಳಲಿಲ್ಲ!

ಮತ್ತೆ ಐದು ಸಾಲು. "ಸ್ವಲ್ಪ ನಿಲ್ಲು!" ಚಹಾ ಕುಡಿಯಲು ಎದ್ದು ಹೊರಟಿದ್ದ ಇಬ್ಬರು ಬಾಗಿಲಲ್ಲೇ ನಿಂತರು. ನಾನು ಕೆಳಗಿನಿಂದ ಬೇಡ ಬೇಡವೆಂದು ಎರಡೂ ಕೈ ಆಡಿಸಿದೆ. ಅಪ್ಪ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಅವಳು ಇನ್ನಷ್ಟು ಜೋರು ಮಾಡಿದಳು. ಕೊನೆಕೊನೆಗೆ ಇಡೀ ಸಭೆಯೇ ಅವಳ ಜೊತೆ ಕೂಗುತ್ತಿತ್ತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಕೆಳಗಿಳಿದವಳನ್ನು ಹಿಡಿದು, "ಅದನ್ನೆಲ್ಲ ಯಾಕೆ ಓದಿದೆ?" ಎಂದು ಪಿಸುಗುಟ್ಟಿದೆ.

"ಕ್ಯಾಪಿಟಲ್‌ನಲ್ಲಿತ್ತಲ್ಲ ಪಪ್ಪಾ! ಚಾಟ್‌ನಲ್ಲಿ ಕ್ಯಾಪಿಟಲ್ ಮತ್ಲಬ್ ಚಿಲ್ಲಾನಾ, ಜೋರು ಬೊಬ್ಬೆ ಹಾಕುವುದು. ಮತ್ತೆ, ನನಗೆ ಅರ್ಥ ಆದದ್ದೂ ಅದೊಂದೇ."

ಅಷ್ಟರಲ್ಲಿ ಕಾಮತರು ಬಂದು ನನ್ನ ಕೈ ಕುಲುಕಿದರು. "ಭಾರೀ ಲಾಯ್ಕ್ ಆಯ್ತು ಶೆಟ್ರೆ! ಸಂಚಿಕೆಗೆ ಖಂಡಿತ ಹಾಕುವ. ಆ ಉಸಿರಿನ ಸಾಲು, ಆ ನಿಲ್ಲುವ ಸಾಲು, ಅವೆರಡೇ ಸಾಕು. ಉಳಿದದ್ದು ಬೇಡ."

ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಮಹಾಕವಿಗೆ ತಕ್ಕ ಗಾಂಭೀರ್ಯದಿಂದ ಅವರನ್ನು ಪಕ್ಕಕ್ಕೆ ಕರೆದು, ಇದ್ದಷ್ಟು ಸ್ವರದಲ್ಲಿ ಕೇಳಿದೆ:

"ಜೊತೆಗೆ ಫೋಟೋ ಹಾಕ್ತೀರಲ್ಲ?"