ಎರಡನೇ ತಲೆಮಾರಿನ ಮೋಹ

ದಟ್ಟಗಳ್ಳಿಯ ಮಹೇಂದ್ರ ಮೇಷ್ಟ್ರು ಮದುವೆಯಾದಂದಿನಿಂದ ಪರಸ್ತ್ರೀಯರ ಕಡೆ ಕಣ್ಣೆತ್ತಿ ನೋಡಿದವರಲ್ಲ. ಅಂಥವರ ಮನಸ್ಸು ಈ ಆಷಾಢದಿಂದ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಅವರ ಸ್ಕೂಟರು ತಾನೇ ತಾನಾಗಿ ದೇವರಾಜ ಅರಸು ರಸ್ತೆಗೆ ಹೊರಳುತ್ತಿತ್ತು. ಅಲ್ಲೊಂದು ಕಂಪ್ಯೂಟರ್ ಅಂಗಡಿಯ ಗಾಜಿನ ಮೇಜಿನ ಮೇಲೆ ಅದು ಕೂತಿರುತ್ತಿತ್ತು. ಪರದೆಯನ್ನು ಹಿಂದಕ್ಕೆ ಪೂರ್ತಿ ಮಡಚಿದರೆ ಸ್ಲೇಟಾಗುವ, ಮಗುಚಿದರೆ ಡೇರೆಯಾಗಿ ನಿಲ್ಲುವ, ಬೆರಳು ಸೋಕಿದರೆ ಓಗೊಡುವ ಲ್ಯಾಪ್‌ಟಾಪು. ಅದೂ ಎರಡನೇ ತಲೆಮಾರಿನದು.

ಮೊದಲನೇ ತಲೆಮಾರಿನದು ಮನೆಯಲ್ಲೇ ಇತ್ತು. ತೊಂದರೆ ಇದ್ದದ್ದೇ ಅಲ್ಲಿ. ಅದೊಂದು ಇಲ್ಲದಿದ್ದರೆ ಹೆಂಡತಿಯ ಹತ್ತಿರ ಬಾಯಿಬಿಟ್ಟು ಕೇಳುವುದು ಸುಲಭವಾಗುತ್ತಿತ್ತು. (ಹಸಿದವನು ಊಟ ಕೇಳಬಹುದು. ಉಂಡವನು ಎದ್ದು ಕೈತೊಳೆದು ಇನ್ನೊಂದು ಊಟ ಕೇಳಿದರೆ ಮರ್ಯಾದೆ ಉಳಿಯುವುದಿಲ್ಲ.)

ಹಳೆಯದು ಕೆಟ್ಟದ್ದೇನಲ್ಲ, ವಯಸ್ಸಾಗಿತ್ತು ಅಷ್ಟೆ. ಮೇಷ್ಟ್ರು ಅದರ ಪರದೆಯ ಮೇಲೆ ಪೆನ್ನಿನಿಂದ ಬೀಜಗಣಿತ ಬಿಡಿಸಿ ಮಕ್ಕಳಿಗೆ ಪಾಠದ ವಿಡಿಯೋ ಮಾಡುತ್ತಿದ್ದರು. ಅವರು ಉತ್ತರ ಬರೆದು ಅಡಿಗೆರೆ ಎಳೆಯುವ ಹೊತ್ತಿಗೆ ಪರದೆಯ ಮೇಲೆ ಸಮಚಿಹ್ನೆ ಮೂಡುತ್ತಿತ್ತು. ಕೀಲು ಸಡಿಲವಾಗಿ, ನೆಟ್ಟಗೆ ನಿಲ್ಲಿಸಿದ ಪರದೆ ಮಧ್ಯಾಹ್ನದ ಊಟವಾದ ಮಾವನವರಂತೆ ನಿಧಾನವಾಗಿ ಹಿಂದಕ್ಕೆ ಒರಗುತ್ತಿತ್ತು. ಇನ್ನು ಪೆನ್ನಿಗೆ ನೆಲೆಯೇ ಇರಲಿಲ್ಲ. ಒಮ್ಮೆ ಅಕ್ಕಿ ಡಬ್ಬದಲ್ಲಿ, ಒಮ್ಮೆ ಹೆಂಡತಿ ಕುಸುಮಳ ತುರುಬಿನಲ್ಲಿ ಅದು ಸಿಕ್ಕಿದ್ದುಂಟು.

ಹೊಸದರಲ್ಲಿ ಪೆನ್ನಿಗೆ ಒಡಲಲ್ಲೇ ಗೂಡಿದೆ, ಕೀಲು ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ, ಬರೆದದ್ದು ಬರೆದ ಕಡೆಯೇ, ಬರೆದಾಗಲೇ ಮೂಡುತ್ತದೆ ಎಂದು ಮೇಷ್ಟ್ರು ರಾತ್ರಿ ಮುದ್ದೆ ನುಂಗುತ್ತ ವರ್ಣಿಸುತ್ತಿದ್ದರು. ಕುಸುಮ ಎಲ್ಲ ಕೇಳಿಸಿಕೊಂಡು, ಸಾರು ಬಡಿಸಿ, ಒಂದೇ ಪ್ರಶ್ನೆ ಹಾಕುತ್ತಿದ್ದಳು.

"ಇರೋದಕ್ಕೇನಾಗಿದೆ?"

ಮೇಷ್ಟ್ರು ಬೆರಳು ನೆಕ್ಕಿ ಏಳುತ್ತಿದ್ದರು. ಆದರೂ ಆ ಆಸೆ ಬಿಡಲಿಲ್ಲ. ತರಗತಿಯಲ್ಲಿ ಬೋರ್ಡಿಗೆ ಸೀಮೆಸುಣ್ಣ ತಾಗಿಸುವಾಗ ಆ ನುಣುಪಾದ ಗಾಜು ನೆನಪಾಗಿ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಆದರೆ ನಾಚಿಕೆಯಾಯಿತೆಂದು ಆಸೆ ಬಿಟ್ಟವರು ಯಾರಿದ್ದಾರೆ?

ಕೊನೆಗೆ ಕೃಪೆ ತೋರಿದ್ದು ಹಳೆಯದೇ. ಕುಸುಮ ಅದನ್ನು ಅಡುಗೆಕಟ್ಟೆಯ ಮೇಲೆ ಡೇರೆಯಂತೆ ನಿಲ್ಲಿಸಿ ಧಾರಾವಾಹಿ ನೋಡುತ್ತಿದ್ದಳು. ಅತ್ತೆಯ ನಿಜಬಣ್ಣ ಸೊಸೆಗೆ ಗೊತ್ತಾಗಬೇಕು, ಆ ಗಳಿಗೆಯಲ್ಲಿ ಕೀಲು ಜಾರಿ, ಅತ್ತೆ ಸೊಸೆ ಇಬ್ಬರೂ ದೋಸೆಹಿಟ್ಟಿನ ಪಾತ್ರೆಗೆ ಮುಖ ಅದ್ದಿದರು. ಕುಸುಮ ಪರದೆ ಒರೆಸಿದಳು. ಹಿಟ್ಟನ್ನು ನೋಡಿದಳು. "ಹೋಗಿ, ನಿಮ್ಮ ಆ ಸೆಕೆಂಡ್ ಜನರೇಷನ್ನೇ ತಂದ್ಬುಡಿ" ಎಂದಳು. ಆ ರಾತ್ರಿ ಮೇಷ್ಟ್ರಿಗೆ ನಿದ್ದೆ ಬರಲಿಲ್ಲ.

ಮರುದಿನ ಸಂಜೆ ಇಬ್ಬರೂ ಅಂಗಡಿಗೆ ಹೋದರು. ಮೇಷ್ಟ್ರ ನಿತ್ಯದರ್ಶನಕ್ಕೆ ಒಗ್ಗಿಹೋಗಿದ್ದ ಸೇಲ್ಸ್‌ಮನ್ ವಾಗೀಶ, ಹೊಸದು ಉಳಿದಿರುವುದು ಅದೊಂದೇ ಎಂದೂ, ಇನ್ನು ಬರುವುದು ಮೂರನೇ ತಲೆಮಾರು, ಅದರ ಬೆಲೆ ನಮ್ಮನಿಮ್ಮಂಥವರ ಕೈಗೆ ಎಟುಕುವುದಿಲ್ಲವೆಂದೂ ಹೇಳಿದ. ಹಳೆಯ ಮಾಡೆಲ್ ಮಾತ್ರ ಬೇಕಾದಷ್ಟಿತ್ತು, ರಿಯಾಯಿತಿಯಲ್ಲಿ. ಮೊದಲು ಪ್ಯಾಕ್ ಮಾಡಿಸಿ ಎಂದು ಹೇಳಿ ಕುಸುಮ ಬಾಗಿಲ ಬಳಿ ಫ್ಯಾನಿನಡಿ ಕೂತಳು. ಮೇಷ್ಟ್ರು ಕೇಳಬೇಕಲ್ಲ. ಇಷ್ಟು ದಿನ ಕಾದ ಗಳಿಗೆಯನ್ನು ಒಂದೇ ಗುಟುಕಿಗೆ ಮುಗಿಸಲು ಅವರಿಗೆ ಮನಸ್ಸು ಬರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಕಡೆಯದಾಗಿ ಒಮ್ಮೆ ನೋಡಿಬಿಡುತ್ತೇನೆ ಎಂದರು.

ಅಷ್ಟರಲ್ಲಿ ಲಷ್ಕರ್ ಮೊಹಲ್ಲಾದ ಚಿಕ್ಕಯ್ಯ, ಸುಮಿತ್ರಮ್ಮ ದಂಪತಿ ಅದೇ ಮೇಜಿಗೆ ಬಂದರು. ಸುಮಿತ್ರಮ್ಮ ಬ್ಲೌಸು ಹೊಲಿಯುವವರು. ಬೆನ್ನಿನ ಕಡೆಯ ಡಿಸೈನು ಬರೆದು, ಪರದೆಯನ್ನು ಗಿರಾಕಿಯ ಕಡೆಗೆ ತಿರುಗಿಸಿ ತೋರಿಸಬೇಕೆಂಬುದು ಅವರ ಬಹುದಿನದ ಆಸೆ. ವಾಗೀಶ ಹಳೆಯ ಮಾಡೆಲ್ ಮುಂದಿಟ್ಟ. ಆಕೆ ಪೆನ್ನು ಹಿಡಿದು ಕೊರಳಿನ ಸುತ್ತು ಎಳೆದರು. ಗೆರೆ ತಡವಾಗಿ ಬಂದು, ಮಧ್ಯೆ ಕಡಿದು, ಬೇರೆ ಕಡೆ ಸೇರಿತು. ಸುಮಿತ್ರಮ್ಮ ಪೆನ್ನು ಕೆಳಗಿಟ್ಟರು.

"ನಂಗೆ ಕೈ ಬರಾಕಿಲ್ಲ ಕಣ್ರೀ. ನಡೀರಿ ಹೋಗವ."

ಮೇಷ್ಟ್ರು ಎಡವಿದ್ದು ಇಲ್ಲಿಯೇ. ಸ್ಲೇಟು ಸರಿಯಿಲ್ಲದ್ದಕ್ಕೆ ತನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುವ ಮಗುವನ್ನು ಕಂಡರೆ ಮೇಷ್ಟ್ರಾದವನು ಬಾಯಿ ಮುಚ್ಚಿಕೊಂಡಿರುವುದು ಹೇಗೆ? "ಕೈದೇನೂ ತಪ್ಪಿಲ್ಲಮ್ಮ, ಇದರದೇ ತಪ್ಪು" ಎಂದು ಶುರುಮಾಡಿದರು. ಮೊದಲ ತಲೆಮಾರಿನ ದೋಷಗಳನ್ನೂ ಎರಡನೆಯದರ ಗುಣಗಳನ್ನೂ ಎಡಬಲಕ್ಕೆ ವಿಂಗಡಿಸಿ, ಉದಾಹರಣೆ ಸಮೇತ ವ್ಯಾಖ್ಯಾನ ಮಾಡಿದರು. ಆಷಾಢದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಪ್ರೇಮ ಕಟ್ಟೆಯೊಡೆದು ಹರಿಯಿತು. ಬಾಗಿಲ ಬಳಿ ಕುಸುಮ ಕೆಮ್ಮಿದಳು. ಮೇಷ್ಟ್ರು ಕೀಲಿನ ಮಹಿಮೆಗೆ ಬಂದಿದ್ದರು. ಕುಸುಮ ಇನ್ನೂ ಜೋರಾಗಿ ಕೆಮ್ಮಿದಳು. ವಾಗೀಶ ಪಾಪ, ಆಕೆಗೆ ನೀರು ತಂದುಕೊಟ್ಟ.

ಮೇಷ್ಟ್ರು ತಾವೇ ಗೂಡಿನಿಂದ ಹೊಸ ಪೆನ್ನನ್ನು ಎಳೆದು ಸುಮಿತ್ರಮ್ಮನ ಕೈಗೆ ಕೊಟ್ಟರು. ಆಕೆ ಅಳುಕುತ್ತ ಮಡಕೆಯಾಕಾರದ ಒಂದು ಪಾಟ್ ನೆಕ್ ಬರೆದರು. ಕೈ ಹೋದ ಕಡೆಗೆಲ್ಲ ಗೆರೆ ಹೋಯಿತು. ಲಾಡಿ ಬರೆದರು, ಲಾಡಿಯ ತುದಿಗೆ ಕುಚ್ಚು ಬರೆದರು, ಪರದೆಯನ್ನು ಗಂಡನ ಕಡೆ ತಿರುಗಿಸಿ ನಕ್ಕರು. ಆ ನಗು ನೋಡಿ ಮೇಷ್ಟ್ರ ಕಣ್ಣು ಮಂಜಾಯಿತು.

"ನೀವಾಗಿದ್ರೆ ಯಾವ್ದು ತಗೋತಿದ್ರಿ ಸಾ?" ಎಂದು ಚಿಕ್ಕಯ್ಯ ಕೇಳಿದರು.

"ನಾನಾಗಿದ್ರೆ ಕಣ್ಮುಚ್ಕೊಂಡು ಇದನ್ನೇ ತಗೋತಿದ್ದೆ."

"ಹಂಗಾರೆ ಇದನ್ನೇ ಕಟ್ಬುಡಪ್ಪ."

ವಾಗೀಶ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರಿಗೆ ಆಗ ಜ್ಞಾನೋದಯವಾಯಿತು. ಇದು ನನಗೆಂದು ತೆಗೆದಿಟ್ಟದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಸುಮಿತ್ರಮ್ಮ ಪೆನ್ನನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮೇಷ್ಟ್ರ ತಲೆ, ಕೊಡಪ್ಪ, ಎಂಬಂತೆ ತಾನೇ ಆಡಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಕುಸುಮ ಮೆಟ್ಟಿಲಿಳಿಯುತ್ತ ಹೇಳಿದಳು. ಇನ್ನೂ ಬಹಳ ಹೇಳುವವಳಿದ್ದಳು. ಅಷ್ಟರಲ್ಲಿ ಹಿಂದಿನಿಂದ ಸುಮಿತ್ರಮ್ಮ ಓಡಿಬಂದು, ಭಾನುವಾರ ಮನೆಗೆ ಬಂದು ಇದನ್ನೆಲ್ಲ ಸರಿಮಾಡಿಕೊಡಬೇಕು, ಅಮ್ಮಾವ್ರಿಗೆ ಒಂದು ಬ್ಲೌಸು ನಮ್ಮ ಕಡೆಯಿಂದ, ಎಂದು ಕೈಮುಗಿದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕುಸುಮ, ಖಂಡಿತ ಬರುತ್ತೇವೆ, ಎಂದು ಮಾತು ಕೊಟ್ಟಳು.

ಭಾನುವಾರ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಎರಡು ಸಲ ತಲೆ ಬಾಚಿದರು.

"ಎಲ್ಲಿಗೆ, ಹೆಣ್ಣು ನೋಡಕ್ಕಾ?" ಎಂದಳು ಕುಸುಮ.

ಹೆಣ್ಣು ನೋಡುವುದಾಗಿದ್ದರೆ ಚೆನ್ನಾಗಿತ್ತು. ಇದು ಒಪ್ಪಿಕೊಂಡ ಹೆಣ್ಣನ್ನು ಬೇರೆಯವರಿಗೆ ಕೊಟ್ಟು, ಆ ಮದುವೆಯ ಮನೆಯಲ್ಲಿ ಪಾಯಸ ಬಡಿಸಲು ಹೊರಟಂತಿತ್ತು. ಮೇಷ್ಟ್ರು ಕುಸುಮಳನ್ನು ಕರೆದುಕೊಂಡು ಹೋಗಿ, ಲಷ್ಕರ್ ಮೊಹಲ್ಲಾದ ಸುಮಿತ್ರಮ್ಮನ ಪುಟ್ಟ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಕೂತು ಪೆಟ್ಟಿಗೆ ಬಿಚ್ಚಿದರು. ಮುಚ್ಚಳದ ಮೇಲಿನ ತೆಳು ಹಾಳೆಯನ್ನು ಅವರೇ ನಿಧಾನವಾಗಿ ಸುಲಿದರು, ಅಷ್ಟು ಭಾಗ್ಯ ಅವರದಾಯಿತು. ಕನ್ನಡ ಹಾಕಿಕೊಟ್ಟರು, ಪೆನ್ನಿಗೆ ಬಣ್ಣಗಳನ್ನು ಜೋಡಿಸಿಕೊಟ್ಟರು. ಪಾಸ್‌ವರ್ಡ್ ನೆನಪಿಡುವುದು ಕಷ್ಟ ಎಂದು ಸುಮಿತ್ರಮ್ಮ ಹೇಳಿದ್ದಕ್ಕೆ, ಅವರನ್ನು ಎದುರಿಗೆ ಕೂರಿಸಿ, ಅವರ ಮುಖ ಕಂಡರೆ ತಾನೇ ತೆರೆದುಕೊಳ್ಳುವ ಹಾಗೆ ಮಾಡಿದರು. ಪರದೆ ಆಕೆಯನ್ನು ನೋಡಿ ಬೆಳಗಿತು. ಸುಮಿತ್ರಮ್ಮ ಹಿಗ್ಗಿ ಹೀರೇಕಾಯಿಯಾಗಿ, ಅಳತೆ ತೆಗೆಯಲು ಕುಸುಮಳನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಚಿಕ್ಕಯ್ಯ ಹಾಲು ತರಲು ಹೊರಗೆ ಹೋದರು.

ಅಂತೂ ಮೇಷ್ಟ್ರು ಮತ್ತು ಅದು, ಇಬ್ಬರೇ ಉಳಿದರು. ಅಷ್ಟರಲ್ಲಿ ಪರದೆ ಆರಿ ಕಪ್ಪಾಗಿತ್ತು. ಮೇಷ್ಟ್ರು ಒಳಬಾಗಿಲ ಕಡೆ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, ಹಣೆಯ ಮೇಲಿನ ಕೂದಲು ಸವರಿ, ಮೆಲ್ಲಗೆ ಅದರ ಮುಂದೆ ಬಾಗಿದರು. ಅದು ನೋಡಿತು. ಅವರು ಕನ್ನಡಕ ತೆಗೆದು ಇನ್ನೂ ಹತ್ತಿರ ಹೋದರು. ಅದು ಮತ್ತೊಮ್ಮೆ ನೋಡಿತು. ಆಮೇಲೆ ಅವರೇ ಹಾಕಿಕೊಟ್ಟ ಅಚ್ಚ ಕನ್ನಡದಲ್ಲಿ, 'ನಿಮ್ಮ ಗುರುತು ಸಿಗಲಿಲ್ಲ' ಎಂದು ಹೇಳಿ ಕಣ್ಣು ಮುಚ್ಚಿಕೊಂಡಿತು.