ಉಪ್ಪಿಟ್ಟು, ಅವಲಕ್ಕಿ, ಥಾಲಿಪೆಟ್ಟು, ಮತ್ತೆ ಉಪ್ಪಿಟ್ಟು

ನಗು ಹುಡುಕಿಕೊಂಡು ನಾನು ಎಲ್ಲಿಗೂ ಹೋದವಳಲ್ಲ. ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅದು ತಾನಾಗಿಯೇ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿಯುತ್ತದೆ. ಸೊಸೆ ಗೋರೆಗಾಂವಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದ ವರ್ಷವಂತೂ ದಿನಾ ಬಡಿಯಿತು. ಕೊನೆಯ ಪರೀಕ್ಷೆ ಪಾಸಾದರೆ ಕ್ಲಾಸಿನವರೇ ಅವಳಿಗೆ ಕೆಲಸ ಕೊಡಿಸುವವರಿದ್ದರು.

ಹೇಳುವ ಮಶೀನು

ಒಂದು ಸಂಜೆ ಬಂದವಳೇ, "ಅತ್ತಿ, ಪರೀಕ್ಷಾಕ್ಕ ಪ್ರೋಗ್ರಾಮ್ ಬರ್ಯಾಕತ್ತೇನ್ರಿ. ಇವತ್ತು ಉಪ್ಪಿಟ್ಟು, ನಾಳೆ ಅವಲಕ್ಕಿ, ನಾಡದು ಥಾಲಿಪೆಟ್ಟು ಅಂತ ಮಶೀನ್ ಹೇಳತದ. ಮೂರೂ ಮುಗದ್ರ ಮತ್ತ ಉಪ್ಪಿಟ್ಟಿನಿಂದ ಸುರು. ಕೊನೀನ ಇಲ್ಲ!" ಅಂದಳು.

"ಮಾಡೂದೂ ಮಶೀನ ಏನು?"

"ಇಲ್ರಿ, ಬರೇ ಹೇಳತದ."

"ಬರೇ ಹೇಳೂವಂಥಾದು ಒಂದು ನಾ ಹಡದೇನಿ. ಅದನ್ನ ನೀ ಲಗ್ನಾನೂ ಆಗೀದಿ."

ಕಾಗದದ ಹೊಳೆ

ಅಭ್ಯಾಸದ ದಿನ ಅವಳು ಬಟನ್ ಒತ್ತಿದ್ದೇ ತಡ, ಪ್ರಿಂಟರ್ ಕರ್ರೆಂದು ಉಪ್ಪಿಟ್ಟು, ಅವಲಕ್ಕಿ, ಥಾಲಿಪೆಟ್ಟು ಬಡಿಯತೊಡಗಿತಂತೆ. ನಿಲ್ಲಲೇ ಇಲ್ಲ. ಕಾಗದ ಮೇಜಿಳಿದು ನೆಲದ ಮೇಲೆ ಹರಿಯಿತು. ಸರ್ "ಬಂದ್ ಕರೋ, ಬಂದ್ ಕರೋ!" ಎಂದು ಕೂಗಿ ಕೂಗಿ ಕೊನೆಗೆ ತಾವೇ ಪ್ಲಗ್ ಕಿತ್ತರು. "ಕೇಳಿದಾಗ ಒಂದು ಕೊಡಬೇಕು, ಆಮೇಲೆ ಕಾಯಬೇಕು. ಪರೀಕ್ಷೆಯಲ್ಲೂ ಹೀಗಾದರೆ ಫೇಲ್" ಅಂದು, ಕಾಗದದ ರಾಶಿ ಸಮೇತ ಮನೆಗೆ ಕಳಿಸಿದರು.

ಸೊಸೆ ಅತ್ತಳು. ನಾನು ಕಾಗದವನ್ನು ಅಡುಗೆಮನೆಯ ಕಪಾಟಿಗೆಲ್ಲ ಹಾಸಿದೆ. ಪಕ್ಕದ ಮನೆಯ ಮರಾಠಿ ಹೆಂಗಸು ಡಬ್ಬಿ ಸರಿಸಿ ಸರಿಸಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ, ಗಲ್ಲಕ್ಕೆ ಕೈಯಿಟ್ಟು ಕೇಳಿದಳು: "ಇಷ್ಟೆಲ್ಲ ತಿಂಡಿ ಯಾರ ಲಗ್ನಕ್ಕೆ?"

ಹೂಂ

ಮರುದಿನ ಮಧ್ಯಾಹ್ನ ಮೊಮ್ಮಗಳಿಗೆ ಕತೆ ಹೇಳುತ್ತಿದ್ದೆ. ಕೇಳುವವರು ಹೂಂಗುಟ್ಟದೆ ನನ್ನ ಕತೆ ಒಂದು ಹೆಜ್ಜೆ ಮುಂದಿಡುವುದಿಲ್ಲ.

"ನಳಕ್ಕ ಕಾಗಿ ಬಂತು, ನೀರು ಕುಡೀತು."

"ಹೂಂ."

"ಬೆಕ್ಕು ಬಂತು, ನೀರು ಕುಡೀತು."

"ಹೂಂ."

"ನಾಯಿ ಬಂತು, ನೀರು ಕುಡೀತು."

"ಹೂಂ..."

"ಮತ್ತ ಕಾಗಿ ಬಂತು."

ಹೂಂ ಬರಲಿಲ್ಲ; ಮೊಮ್ಮಗಳಿಗೆ ನಿದ್ದೆ ಬಂದಿತ್ತು. ನಾನೂ ಕತೆಯನ್ನು ಅಲ್ಲೇ ನಿಲ್ಲಿಸಿದೆ.

ಬಾಗಿಲಲ್ಲಿ ನಿಂತಿದ್ದ ಸೊಸೆ ಕೇಳಿದಳು, "ಅತ್ತಿ, ನಾಳೆ ಮತ್ತ ಮೊದಲಿಂದ ಹೇಳತೀರೇನು?"

"ಯಾಕ? ಕಾಗಿ ಬಂದಾತಲ್ಲ. ನಾಳೆ ಬೆಕ್ಕಿನ ಪಾಳಿ."

"ಮಶೀನಿಗೂ ಹೂಂ ಅನ್ನೂತನಕ ಕಾಯೂದು ಕಲಸತೇನ್ರಿ!" ಅಂದವಳೇ ಚಪ್ಪಲಿ ಮೆಟ್ಟಿ ಲೋಕಲ್ ರೈಲು ಹಿಡಿಯಲು ಓಡಿದಳು.

ಪರೀಕ್ಷೆಯಲ್ಲಿ ಸರ್ ಬಟನ್ ಒತ್ತಿದರು: ಉಪ್ಪಿಟ್ಟು. ಮಶೀನ್ ತೆಪ್ಪಗೆ ಕಾಯಿತು. ಒತ್ತಿದರು: ಅವಲಕ್ಕಿ. ಮತ್ತೆ ಕಾಯಿತು. ಸರ್ ಖುಷಿಯಾಗಿ ಪಾಸ್ ಎಂದು ಬರೆದೂ ಬಿಟ್ಟರು. ಆದರೆ ಬೆರಳು ತೆಗೆಯಲಿಲ್ಲ. ಕೊನೆ ನೋಡಿಯೇ ಏಳುತ್ತೇನೆಂದು ಒತ್ತಿದರು, ಒತ್ತಿದರು, ಚಹಾ ಆರಿ ಕೆನೆಗಟ್ಟುವವರೆಗೂ ಒತ್ತಿದರು.

"ಅರೇ, ಇದು ಮುಗಿಯುವುದು ಯಾವಾಗ?"

ನನ್ನ ಸೊಸೆ ಮುಖ ಗಂಭೀರ ಮಾಡಿಕೊಂಡೇ ಹೇಳಿದಳಂತೆ: "ನಿಮಗೆ ನಿದ್ದೆ ಬಂದಾಗ, ಸರ್."