ಬೇಳೆ ಬೆಂದರೆ ಮೀನು ಬದುಕುತ್ತದೆ

ನೀವು ಎಂಥೆಂಥ ವಿಚಿತ್ರ ಮನುಷ್ಯರನ್ನೋ ನೋಡಿರಬಹುದು. ಆದರೆ ಮೀನು ಸತ್ತ ನೀರನ್ನು ಚಮಚದಲ್ಲಿ ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಮುಂದಾಗೈತಿ" ಎಂದು ತೀರ್ಪು ಕೊಡುವ ಗಂಡಸನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಮನೆಯಲ್ಲೇ ಇದ್ದು ಕಾಲೇಜು ಓದಿದ್ದೇನೆ. ಅವನು ನನ್ನ ಸೋದರಮಾವ!

ಕೊಪ್ಪಳ ಆಗಿನ್ನೂ ತಾಲ್ಲೂಕು ಊರು. ಮಾವ ಅಲ್ಲಿ ಸರಕಾರಿ ಗುಮಾಸ್ತ, ಮನೆ ಭಾಗ್ಯನಗರದಲ್ಲಿ. ಆ ವರ್ಷ ನನ್ನ ಅಜ್ಜಿ, ಅಂದರೆ ಮಾವನ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮಂಚ ಹಿಡಿದವಳು ಗೋಡೆಯ ಕಡೆ ಮುಖ ಮಾಡಿದಳು ನೋಡಿ, ತಿರುಗಲೇ ಇಲ್ಲ. ಮಾತು ಬಿಟ್ಟಳು. ಗಂಜಿ ತಂದರೆ ಎರಡು ಗುಟುಕು, ಅದೂ ನಮ್ಮ ಕಾಟಕ್ಕೆ. ಉಣ್ಣದಿದ್ದರೆ ಹೆಚ್ಚು ದಿನ ಉಳಿಯುವ ಜೀವವಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಅಜ್ಜಿ ಹೊಳೆದಂಡೆಯ ಊರಿನ ಮಗಳು. ಡ್ಯಾಮು ಕಟ್ಟಿದಾಗ ಆ ಊರು ನೀರಲ್ಲಿ ಮುಳುಗಿಹೋಗಿತ್ತು. ಮಾವ ಎರಡು ದಿನ ತಲೆ ಕೆರೆದುಕೊಂಡು ಒಂದು ಉಪಾಯ ತೆಗೆದ. "ಅವ್ವ ಗ್ವಾಡಿನ ನೋಡ್ತಾಳಂದ್ರ, ಗ್ವಾಡಿ ಕಡೇನ ಒಂದು ಹೊಳಿ ಇಟ್ಟರಾತು" ಅಂದ. ಫೋಟೋಗೆ ಕಟ್ಟು ಹಾಕುವ ಅಂಗಡಿಯವನಿಂದ ಗಾಜಿನ ಪೆಟ್ಟಿಗೆ ಮಾಡಿಸಿದ. ಡ್ಯಾಮಿನ ಬುಡದ ಮುನಿರಾಬಾದಿಗೆ ಬಸ್ಸು ಹತ್ತಿ, ಬಲೆ ಹಾಕುವವರ ಹತ್ತಿರ ಹೋಗಿ, ಬೆರಳುದ್ದದ ಮೀನು ಬೇಕು, ಜೀವಂತ ಬೇಕು, ಮೈಗೆ ಗಾಯ ಆಗಿರಬಾರದು ಎಂದು ಕೇಳಿದನಂತೆ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ!

ನಮ್ಮದೋ ತತ್ತಿಯ ಹೆಸರು ತೆಗೆದರೂ ಬಾಯಿ ಮುಕ್ಕಳಿಸುವ ಮನೆ. ಆ ಮನೆಯೊಳಗೆ ಮೀನು ಹೋದದ್ದು ಕಂಡು ಓಣಿಗೆ ಓಣಿಯೇ ದಂಗಾಯಿತು. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಮಾವ ಮನೆಮನೆಗೂ ಹೋಗಿ ಸಮಜಾಯಿಷಿ ಕೊಟ್ಟು ಬಂದ. ಅದನ್ನು ಯಾರಾದರೂ ನಂಬುತ್ತಾರೆಯೇ? ಎದುರು ಮನೆಯಾಕೆ ನಮ್ಮ ಅಡುಗೆಮನೆಯ ಹೊಗೆಯನ್ನು ಮೂಸಲಿಕ್ಕೆ ಶುರು ಮಾಡಿದಳು.

ಮೀನು ಮರುದಿನವೇ ಹೊಟ್ಟೆ ಮೇಲೆ ಮಾಡಿ ತೇಲಿದವು. ಚಮಚ ನೆಕ್ಕಿದ್ದು ಆಗಲೇ. ತಪ್ಪು ಬೋರಿನ ಸವಳು ನೀರಿನದು ಎಂದು ಗೊತ್ತಾಯಿತು. ಹಾಗಾದರೆ ಒಳ್ಳೆಯ ನೀರನ್ನು ಕಂಡುಹಿಡಿಯುವುದು ಹೇಗೆ? ನಾಲಿಗೆಯೊಂದನ್ನೇ ನಂಬಿದರೆ ಸಾಲದು ಎಂದು ಮಾವ ಹೊಸ ಪರೀಕ್ಷೆ ತೆಗೆದ. ಸವಳು ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. "ಬ್ಯಾಳಿ ಬೆಂದ್ರ ಮೀನ ಬದುಕತಾವ" ಎಂಬುದು ಮಾವನ ಸಿದ್ಧಾಂತ. ಅಂದಿನಿಂದ ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಹಿಡಿ ಬೇಳೆ! ಕಚೇರಿ ಕೆಲಸಕ್ಕೆ ಬೇವೂರಿಗೆ ಹೋಗಲಿ, ಕುಷ್ಟಗಿಗೆ ಹೋಗಲಿ, ಯಾರದೋ ಮನೆಯ ಮುಂದೆ ನಿಂತು, ಯವ್ವಾ, ನಿಮ್ಮ ಬಾವಿ ನೀರಾಗ ಇಷ್ಟು ಬೇಳೆ ಕುದಿಸಿ ತೋರಿಸು ಎನ್ನುವುದು. ಪಾಪ, ಸಾಹೇಬರಿಗೆ ಹಸಿವಾಗಿದೆ ಎಂದು ತಿಳಿದು ಅವರು ರೊಟ್ಟಿಯನ್ನೂ ಬಡಿದು ಇಡುತ್ತಿದ್ದರಂತೆ.

ಕಡೆಗೆ ಬೇಳೆ ಬೆಣ್ಣೆಯಂತೆ ಬೆಂದದ್ದು ಡ್ಯಾಮಿನ ನೀರಲ್ಲೇ. ಮಾವ ಡಬ್ಬಿಗಟ್ಟಲೆ ಬಸ್ಸಿನ ಮೇಲೆ ಹೇರಿಕೊಂಡು ಬಂದ. ಹೊಸ ಮೀನು ಬಂದವು, ಆಡಿದವು. ಅಜ್ಜಿ ಕಣ್ಣು ತೆರೆದು ನೋಡಿದಳು. ಮಾತಿಲ್ಲ, ಆದರೆ ನೋಡಿದಳು! ನಮಗೆ ಅಷ್ಟೇ ಸಾಕಾಗಿತ್ತು.

ಅಷ್ಟರಲ್ಲಿ ಸೋಮವಾರ ಬಂತಲ್ಲ! ಸೋಮವಾರ ಮನೆಯ ಕೊಡ, ಹಂಡೆ ಎಲ್ಲದರ ತಂಗಳು ನೀರು ಚೆಲ್ಲಿ, ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಹೊಸ ನೀರು ತುಂಬುವುದು ಅತ್ತೆಯ ಪದ್ಧತಿ. ಗಾಜಿನ ಪೆಟ್ಟಿಗೆ ಮಾತ್ರ ಯಾಕೆ ಮೈಲಿಗೆಯಲ್ಲಿರಬೇಕು? ಮೀನನ್ನು ಬೋಗುಣಿಗೆ ಎತ್ತಿಟ್ಟು, ಗಾಜನ್ನೂ ಉಸುಕನ್ನೂ ಫಳಫಳ ತೊಳೆದು, ಬ್ಲೀಚಿಂಗ್ ಪೌಡರು ಘಮ್ಮೆನ್ನುವ ನಳದ ನೀರು ತುಂಬಿದಳು. ಊದುಬತ್ತಿಯನ್ನೂ ಬೆಳಗಿದಳು. ಮಾವ ಕಚೇರಿಯಿಂದ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಅಜ್ಜಿ ಮತ್ತೆ ಕಣ್ಣು ಮುಚ್ಚಿ ಮಲಗಿದ್ದಳು.

ಮಾವ ಬೈಯಲಿಲ್ಲ. ಅದೇ ನಮಗೆ ದೊಡ್ಡ ಆಘಾತ! ಪರಿಚಯದ ವಿಜ್ಞಾನದ ಮಾಸ್ತರನ್ನು ಕೇಳಿ ಬಂದು ಅತ್ತೆಗೆ ಸಮಾಧಾನದಿಂದ ತಿಳಿಸಿದ. ನೀರು ಹಳೆಯದಾದಂತೆ ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು ಬೆಳೆದು, ಮೀನಿನ ಹೊಲಸಿನಲ್ಲಿರುವ ವಿಷವನ್ನು ಅವೇ ತಿಂದುಹಾಕುತ್ತವಂತೆ. ಪೌಡರಿನ ನೀರಿಗೆ ಮೀನು ಸತ್ತವು, ತೊಳೆದದ್ದಕ್ಕೆ ಅವೂ ಹೋದವು. "ನೀ ಮೊಸರಿನ ಗಡಗಿ ತೊಳಿಯುವಾಗ ಹೆಪ್ಪು ತೆಗೆದಿಡ್ತಿ ಹೌದಿಲ್ಲೋ? ಇದಕ್ಕೂ ಹೆಪ್ಪು ಬೇಕು" ಅಂದ. ಅತ್ತೆಗೆ ಥಟ್ಟನೆ ಅರ್ಥವಾಯಿತು. ಮರುದಿನ ಮಾವನ ಜೊತೆ ತಾನೇ ಮುನಿರಾಬಾದಿಗೆ ಹೋಗಿ, ಹೊಳೆಯ ತಳದ ಪಾಚಿ ಹಿಡಿದ ಉಸುಕನ್ನು ಹೆಪ್ಪಿಗೆಂದು ಸೆರಗಲ್ಲಿ ಕಟ್ಟಿಕೊಂಡು ಬಂದಳು!

ಈ ಸಲ ಮೀನು ಬದುಕಿದವು. ಆದರೆ ನಾವು ಸತ್ತೆವು. ಸಿಹಿನೀರೆಲ್ಲ ಮೀನಿಗೆ, ಸವಳು ನೀರು, ಪೌಡರಿನ ನೀರು ಮನುಷ್ಯರಿಗೆ! ಅತ್ತೆಯ ತವರಿನವರು ಬಂದಾಗ ಚಹಾ ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆಯಲ್ಲಿ ಯಾರಾದರೂ ಒಂದು ಬೆರಳು ಅದ್ದಿದರೂ ಮಾವ ಉರಿದುಬೀಳುತ್ತಿದ್ದ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮಂಚದಿಂದ ದನಿ ಬಂತು. ಎಷ್ಟೋ ದಿನ ಕೇಳದ ದನಿ.

"ಯಾವ ನೀರೋ ಅದು?"

ಮಾವನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಡ್ಯಾಮಿಂದವ್ವ. ನಿಮ್ಮೂರ ಕಡಿ ನೀರು" ಅಂದ.

ಅಜ್ಜಿ ಬಹಳ ಹೊತ್ತು ಮೀನನ್ನೇ ನೋಡಿದಳು. ಆಮೇಲೆ ಅಂದಳು, "ಆ ನೀರಾಗ ಒಂದೀಟು ಬ್ಯಾಳಿ ಕುದಿಸ್ರಿ. ಉಣ್ತೀನಿ."

ಡಬ್ಬಿಗಳು ಅವತ್ತು ಖಾಲಿ! ಮನೆಯಲ್ಲಿ ಡ್ಯಾಮಿನ ನೀರು ಇದ್ದದ್ದು ಪೆಟ್ಟಿಗೆಯಲ್ಲಿ ಮಾತ್ರ. ಬೆರಳು ಅದ್ದಿದರೆ ಉರಿದುಬೀಳುವ ಮಾವ ಎದ್ದವನೇ ತಂಬಿಗೆಯನ್ನೇ ಅದ್ದಿದ. ಮೀನಿನ ನೀರು, ನಮ್ಮ ಅಡುಗೆಮನೆಗೆ! ನಾನು ಹೆದರಿ ಅತ್ತೆಯ ಮುಖ ನೋಡಿದೆ. ಅವಳು ಊಟದ ಕೈ ತೊಳೆದು ಬಂದಳು. ಆಮೇಲೆ ತಂಬಿಗೆಯನ್ನು ಅವನ ಕೈಯಿಂದ ಇಸಕೊಂಡು, ಮಡಿ ಸೀರೆಯ ಅಂಚಿನಲ್ಲೇ ನೀರು ಸೋಸಿ ಒಲೆಯ ಮೇಲಿಟ್ಟಳು.

ಬೇಳೆ ಬೆಣ್ಣೆಯಾಯಿತು. ಅಜ್ಜಿಯನ್ನು ನಮ್ಮ ಕಡೆ ತಿರುಗಿಸಿ, ದಿಂಬು ಕೊಟ್ಟು ಕೂರಿಸಿ ನಾನು ಉಣಿಸಿದೆ. ಬಟ್ಟಲು ಖಾಲಿ ಮಾಡಿದಳು. ಉಪ್ಪು ಕಡಿಮೆ ಎಂದು ಅತ್ತೆಯನ್ನು ಬೈದಳು ಕೂಡ. ಅತ್ತೆ ಬೈಸಿಕೊಂಡು ನಗುತ್ತಿದ್ದಳು.

ಮಾವ ಮಾತ್ರ ಮೀನಿಗೆ ಏನೋ ಆಗಿದೆ ಎನ್ನುವವನಂತೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಎಷ್ಟು ಕರೆದರೂ ತಿರುಗಲಿಲ್ಲ.